ರುವೈಸಿನ ಗೇಟಿನಲ್ಲಿ ಒತ್ತೆಯಿಟ್ಟ ಮ್ಯಾನೇಜರು

ಹೋದ ವಾರ ನಮ್ಮ ಮನೆಯಾಕೆ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದಳು. ಇನ್ನೊಂದು ಲೋಟ ಕಾಫಿ ಕೇಳುವ ಧೈರ್ಯ ಬರಲೆಂದು ನಾನು ಬಾಗಿಲಲ್ಲಿ ನಿಂತಿದ್ದೆ. ಅವಳ ಕೈಯಲ್ಲಿ ಮುದ್ದೆಯಾಗಿದ್ದ ಹಸಿರು ಬಟ್ಟೆಯ ಮೇಲೆ ಇಂಗ್ಲಿಷಿನ ದಪ್ಪ ಅಕ್ಷರಗಳು ಕಂಡವು. ಮೊದಲು ಎಂ, ಆಮೇಲೆ ಎ, ಆಮೇಲೆ ಎನ್. ಅವಳು ಬಟ್ಟೆಯನ್ನು ಹಿಂಡಿ ಕೊಡವಿದಾಗ ಪೂರ್ತಿ ಓದಿಕೊಂಡೆ: ಮ್ಯಾನೇಜರ್.

"ಅಯ್ಯೋ, ಅದು ನನ್ನ ಜರ್ಸಿ ಕಣೇ!"

"ಐದು ವರ್ಷದಿಂದ ಇದರಲ್ಲೇ ಒರೆಸ್ತಾ ಇದೀನಿ, ಈಗ ಕಣ್ಣಿಗೆ ಬಿತ್ತಾ?" ಎಂದಳು. "ಜಿಡ್ಡು ಮಾತ್ರ ಚೆನ್ನಾಗಿ ತೆಗಿಯುತ್ತೆ" ಎಂದು ಸೇರಿಸಿದಳು. ನನ್ನ ಮ್ಯಾನೇಜರ್‌ಗಿರಿಯ ಬಗ್ಗೆ ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಮೊದಲ ಒಳ್ಳೆಯ ಮಾತು ಅದೇ. ಹಾಗಾಗಿ ಜರ್ಸಿಯನ್ನು ವಾಪಸ್ ಕೇಳಲಿಲ್ಲ.

ಯಾವುದರ ಮ್ಯಾನೇಜರು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ನಗಬೇಡಿ. ಫುಟ್‌ಬಾಲ್ ತಂಡದ ಮ್ಯಾನೇಜರು. ನಕ್ಕಿರಿ ತಾನೇ? ನಗಿ, ಪರವಾಗಿಲ್ಲ. ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಬದುಕಿದ್ದರೆ ಅವರೂ ನಗುತ್ತಿದ್ದರು. ಮೈಸೂರಿನಲ್ಲಿ ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ ಹುಡುಗರು ಆಡುವಾಗ ಚಪ್ಪಲಿಗಳನ್ನು ಎರಡು ಗುಡ್ಡೆ ಮಾಡಿ ಗೋಲು ಕಟ್ಟುತ್ತಿದ್ದರು. ಆ ಒಂದು ಗುಡ್ಡೆಯ ಪಕ್ಕ ಕೂತು ಚಪ್ಪಲಿ ಕಾಯುವುದು ನನ್ನ ಸ್ಥಾನ. ಕಡಲೆಕಾಯಿ ಕೊಟ್ಟ ಪಕ್ಷಕ್ಕೆ ಅನುಕೂಲವಾಗುವಂತೆ ಗುಡ್ಡೆಯನ್ನು ಅರ್ಧ ಗೇಣು ಆಚೀಚೆ ಸರಿಸುತ್ತಿದ್ದೆ ಎಂಬುದನ್ನು ಬಿಟ್ಟರೆ ಆಟದಲ್ಲಿ ನನ್ನ ಪಾತ್ರ ಏನೂ ಇರಲಿಲ್ಲ. ಒಂದೇ ಒಂದು ಸಲ ಆಡಲು ಇಳಿದಾಗ ಮೇಷ್ಟ್ರು ಕರೆದು, "ಲೋ ಮೂರ್ತಿ, ನೀನು ಬಾಲಿನಿಂದ ದೂರ ಇದ್ರೆ ಬಾಲಿಗೂ ಒಳ್ಳೇದು, ನಿನಗೂ ಒಳ್ಳೇದು" ಎಂದಿದ್ದರು. ಆ ಮಾತನ್ನು ಇವತ್ತಿನವರೆಗೂ ಮೀರಿಲ್ಲ.

ಇಂಥವನು ದುಬೈಗೆ ಹೋದ ಮೇಲೆ ಮ್ಯಾನೇಜರಾದದ್ದು ಹೇಗೆಂದರೆ, ನನ್ನ ಮೇಜಿನ ಪಕ್ಕದಲ್ಲಿ ಫ್ಯಾಕ್ಸ್ ಯಂತ್ರವಿತ್ತು. ಅಷ್ಟೇ ಕಾರಣ. ಅಲ್ಯೂಮಿನಿಯಂ ಕಿಟಕಿ ಬಾಗಿಲು ಮಾಡುವ ಕಂಪನಿಯಲ್ಲಿ ನಾನು ಖರೀದಿ ವಿಭಾಗದ ಗುಮಾಸ್ತ. ಅದೇ ಕಂಪನಿಯ ಸ್ಟೋರ್‌ಕೀಪರ್ ಅಶ್ರಫ್ ಮಂಗಳೂರಿನ ಕಡೆಯ ಬ್ಯಾರಿ ಹುಡುಗ, ಒಳ್ಳೆಯ ಆಟಗಾರ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕರಾವಳಿಯ ಹುಡುಗರನ್ನೆಲ್ಲ ಸೇರಿಸಿ ಅವನು ಒಂದು ತಂಡ ಕಟ್ಟಿದ್ದ. ಒಂದು ದಿನ ಬಂದು, "ಮೂರ್ತಿ ಸಾರ್, ಬೇರೆ ಟೀಮಿನವರಿಗೆ ಇಂಗ್ಲಿಷಲ್ಲಿ ಕಾಗದ ಬರೀಲಿಕ್ಕೆ ಒಬ್ರು ಬೇಕು ಮಾರಾಯ್ರೆ. ಬರೆದ್ರೆ ಆಯ್ತು, ಆಡ್ಲಿಕ್ಕೆ ಇಲ್ಲ" ಎಂದ. ಆಡುವುದಿಲ್ಲ ಎಂದ ಮೇಲೆ ಒಪ್ಪಿಕೊಂಡೆ.

ಇದು ಯಾವ ಲೀಗಿನ ತಂಡವೂ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮನ್ನು ಸೇರಿಸಿಕೊಳ್ಳುವ ಲೀಗು ಇನ್ನೂ ಹುಟ್ಟಿರಲಿಲ್ಲ. ನಮ್ಮಂಥವೇ ಹತ್ತು ಹನ್ನೆರಡು ತಂಡಗಳು ಒಂದಕ್ಕೊಂದು ಫ್ಯಾಕ್ಸ್ ಕಳಿಸಿಕೊಂಡು ಶುಕ್ರವಾರಗಳಂದು ಆಡುತ್ತಿದ್ದವು. ಪಾಯಿಂಟುಗಳ ಪಟ್ಟಿಯನ್ನು ದುಬೈನ ದೇರಾ ಬಡಾವಣೆಯ ಒಂದು ಕೆಫೆಟೇರಿಯಾದ ಗೋಡೆಗೆ ಅಂಟಿಸುತ್ತಿದ್ದರು. ಅಲ್ಲಿ ನಮ್ಮ ಜಾಗ ಟೀ ಕುಡಿಯಲು ಕೂತವರ ಮೊಣಕಾಲಿನ ಮಟ್ಟಕ್ಕೆ ಇರುತ್ತಿತ್ತು. ಬೇರೆಯವರ ಮೈದಾನಕ್ಕೆ ಹೋಗಿ ಆಡಿದಾಗ ನಮಗೆ ಒಂದೇ ಒಂದು ಪಾಯಿಂಟು ಬಂದದ್ದೂ ಇರಲಿಲ್ಲ. ಅಶ್ರಫನಿಗೆ ಊಟ ಸೇರದಂತೆ ಮಾಡಿದ್ದ ವಿಷಯ ಇದೊಂದೇ.

ತಂಡಕ್ಕೆ ಹೆಸರೂ ಇರಲಿಲ್ಲ. ಉಳ್ಳಾಲದವರು ಉಳ್ಳಾಲ ಎನ್ನಿ ಎಂದರು, ಕಾಪುವಿನವರು ಕಾಪು ಎಂದರು. ಜಗಳ ಎರಡು ಶುಕ್ರವಾರ ನಡೆಯಿತು. ರಾಜಿಯಾಗಲಿ ಎಂದು ನಾನು ಮೈಸೂರು ಎಂದು ಇಡೋಣವೇ ಎಂದೆ. ಎಲ್ಲರೂ ಒಗ್ಗಟ್ಟಾಗಿ ನಕ್ಕರು. ಕಡೆಗೆ ಜರ್ಸಿಯ ಎದೆಯನ್ನು ಖಾಲಿ ಬಿಟ್ಟು ಬೆನ್ನ ಮೇಲೆ ನಂಬರು ಹೊಡೆಸಿದರು. ನನಗೆ ನಂಬರು ಇಲ್ಲದ್ದರಿಂದ ಮ್ಯಾನೇಜರ್ ಎಂದು ಬಂತು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಹೆಸರಿಗೆ ಮುಂಚೆ ಇನಿಷಿಯಲ್ ಇರುತ್ತದೆಯೇ ಹೊರತು ಹಿಂದೆ ಮನೆತನದ ಬಾಲ ಇರುವುದಿಲ್ಲ. ವೀಸಾದವರಿಗೆ ಬಾಲ ಬೇಕೇ ಬೇಕು. ಹಾಗಾಗಿ ನಮ್ಮ ಊರು, ನಮ್ಮಪ್ಪ, ನಾನು ಎಲ್ಲರೂ ಒಂದೇ ಕಾರ್ಡಿನಲ್ಲಿ ಸಾಲಾಗಿ ನಿಂತೆವು. ಆಫೀಸಿಗೆ ಸೇರಿದ ಮೊದಲ ದಿನ ನಮ್ಮ ಲೆಬನಾನಿ ಬಾಸು "ಮಿಸ್ಟರ್ ಸುಬ್ಬರಾವ್!" ಎಂದು ಕೂಗಿದಾಗ, ಅಪ್ಪ ಇಲ್ಲಿಗೇಕೆ ಬಂದರು ಎಂದು ಎದ್ದು ನಿಂತು ಬಾಗಿಲು ನೋಡಿದವನು ನಾನು. ಕರಾವಳಿಯ ಹುಡುಗರ ಕಥೆ ಇನ್ನೂ ಬೇರೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರಿನಿಂದ ಅವರನ್ನು ಹೆತ್ತ ತಾಯಿಯೂ ಕರೆದಿರುವುದಿಲ್ಲ. ಎಲ್ಲರೂ ಬಾವ, ಇಲ್ಲವೇ ಪುತ್ತು, ಇಲ್ಲವೇ ಮೋಣು.

ನಮ್ಮ ಗೋಲ್‌ಕೀಪರನೇ ಮೋಣು. ಏಸಿಯ ಡಕ್ಟು ಕೂರಿಸುವ ಕೆಲಸ. ದುಬೈನ ಅಂಚಿನ ಮುಹೈಸ್ನಾದ ಕೂಲಿಕಾರರ ಕ್ಯಾಂಪಿನಲ್ಲಿ ಒಂದು ಕೋಣೆಯಲ್ಲಿ ಎಂಟು ಜನರ ಜೊತೆ ವಾಸ. ಆರಡಿ ಎತ್ತರ, ಮೂವತ್ತರ ಆಸುಪಾಸು, ಮಾತು ಕಡಿಮೆ. ಅವನು ಒಳ್ಳೆಯ ಗೋಲ್‌ಕೀಪರ್ ಎಂದೇನೂ ಅಲ್ಲ. ಗರಸು ಮರಳಿನ ಮೇಲೆ ಮೈ ಚೆಲ್ಲಿ ಬೀಳಲು ಒಪ್ಪಿದ ಏಕೈಕ ಮನುಷ್ಯ, ಅದಕ್ಕೇ ಆ ಸ್ಥಾನ.

ಬೇಸಿಗೆ ಮುಗಿದು ಹೊಸ ಸೀಸನ್ ಶುರುವಾಗಿ ಒಂದು ಪಂದ್ಯ ಆಗಿತ್ತು. ಎರಡನೆಯದು ರುವೈಸಿನಲ್ಲಿ, ಅಲ್ಲಿನ ತೈಲ ಸಂಸ್ಕರಣಾ ಕಂಪನಿಯವರ ತಂಡದ ಮೇಲೆ. ರುವೈಸ್ ಎಂದರೆ ಅಬುಧಾಬಿಯನ್ನೂ ದಾಟಿ, ಸೌದಿಯ ಕಡೆಗೆ ಇನ್ನೂ ಎರಡೂವರೆ ಗಂಟೆ ಹೋಗಬೇಕಾದ ಊರು. ಅಷ್ಟು ದೂರ ಹೋಗಿ ಸೋಲುವುದಕ್ಕಿಂತ ಇಲ್ಲೇ ಸೋಲಬಹುದಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಒಂದು ಸಂಜೆ ಮೋಣು ನನ್ನ ಫ್ಲ್ಯಾಟಿನ ಬಾಗಿಲು ತಟ್ಟಿದ. ಒಳಗೆ ಬಾ ಎಂದರೂ ಬರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತ.

"ಸಾರ್, ರುವೈಸ್ ಮ್ಯಾಚಿಗೆ ನನ್ನನ್ನು ಬಿಟ್ಟು ಹೋಗ್ಬೇಡಿ. ಬೇಕಾದ್ರೆ ಮತ್ತಿನ ಮ್ಯಾಚೆಲ್ಲ ಕೂರಿಸಿ."

"ಯಾಕಪ್ಪಾ? ಅಲ್ಲೇನಿದೆ?"

"ನನ್ನ ಅಣ್ಣ ಇದ್ದಾನೆ ಸಾರ್ ಅಲ್ಲಿ. ಹಮೀದ್. ನೋಡದೆ ಆರು ವರ್ಷ ಆಯ್ತು."

ನನಗೆ ಅರ್ಥವಾಗಲಿಲ್ಲ. ಒಂದೇ ದೇಶ, ಬಸ್ಸಿದೆ, ಟ್ಯಾಕ್ಸಿಯಿದೆ. ಅವನು ನಿಧಾನವಾಗಿ ಬಿಡಿಸಿ ಹೇಳಿದ. ಇವನಿಗೆ ಶುಕ್ರವಾರ ಮಾತ್ರ ರಜೆ. ಅಣ್ಣನಿಗೆ ಶಿಫ್ಟು, ಶುಕ್ರವಾರವೂ ಕೆಲಸ. ಹೋಗಿ ಅದೇ ದಿನ ಹಿಂದಿರುಗಲು ಬಸ್ಸು ಹೊಂದುವುದಿಲ್ಲ, ಶನಿವಾರ ಬೆಳಿಗ್ಗೆ ಆರಕ್ಕೆ ಸೈಟಿನಲ್ಲಿ ಇಲ್ಲದಿದ್ದರೆ ಫೋರ್‌ಮನ್ ಬಿಡುವುದಿಲ್ಲ. ಅಣ್ಣ ಇರುವುದು ಕಂಪನಿಯ ಬೇಲಿಯೊಳಗೆ, ಪಾಸ್ ಇಲ್ಲದೆ ಒಳಗೆ ಬಿಡುವುದಿಲ್ಲ. ಊರಿನ ರಜೆಯೂ ಒಬ್ಬನಿಗೆ ಈ ವರ್ಷವಾದರೆ ಇನ್ನೊಬ್ಬನಿಗೆ ಮುಂದಿನ ವರ್ಷ. ಫೋನ್ ಕಾರ್ಡು ತಿಕ್ಕಿ ಮಾತಾಡುವುದಷ್ಟೇ ಉಳಿದಿತ್ತು. ಈಗ ತಂಡದ ಬಸ್ಸು, ತಂಡದ ಪಾಸು. ಇಂಥ ಅವಕಾಶ ಇನ್ನು ಬರುವುದಿಲ್ಲ.

"ನೀನಿಲ್ಲದೆ ಬಸ್ಸು ಹೊರಡಲ್ಲ, ಹೋಗು" ಎಂದೆ. ಮ್ಯಾನೇಜರಾದ ಮೇಲೆ ನಾನು ಕೊಟ್ಟ ಮೊದಲ ವಚನ ಅದು.

ಪಾಸಿಗಾಗಿ ರುವೈಸಿನವರು ಆಟಗಾರರ ಹೆಸರಿನ ಪಟ್ಟಿ ಕೇಳಿದ್ದರು. ಅಶ್ರಫ್ ಒಂದು ಲಕೋಟೆಯ ಹಿಂದೆ ಹದಿನೈದು ಜನರ ಕಾರ್ಡಿನ ಹೆಸರು ಬರೆದು ತಂದ. ನೋಡಿದರೆ ಒಂಬತ್ತು ಜನ ಮೊಹಮ್ಮದ್! ಮೊಹಮ್ಮದ್ ಇಂಥವ, ಮೊಹಮ್ಮದ್ ಅಂಥವ, ಹಿಂದೆ ಒಬ್ಬೊಬ್ಬರಿಗೂ ಅಬ್ದುಲ್ ಖಾದರ್. ನಾನು ಖರೀದಿ ವಿಭಾಗದವನು ನೋಡಿ. ಒಂದೇ ಹೆಸರಿನ ಎರಡು ಮೊಳೆ ಪಟ್ಟಿಯಲ್ಲಿ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಗೇಟಿನವರಿಗೆ ಗೊಂದಲವಾಗುತ್ತದೆ ಎಂದು ಮರುಗಿ, ಎಲ್ಲ ಮೊಹಮ್ಮದ್‌ಗಳನ್ನೂ ಎಲ್ಲ ತಂದೆಯರನ್ನೂ ತೆಗೆದುಹಾಕಿ, ಪ್ರತಿಯೊಬ್ಬನನ್ನೂ ಗುರುತು ಹಿಡಿಯಲು ಅನುಕೂಲವಾಗುವ ಹೆಸರನ್ನೇ ಟೈಪು ಮಾಡಿದೆ. ಮಿಸ್ಟರ್ ಅಶ್ರಫ್. ಮಿಸ್ಟರ್ ಉಳ್ಳಾಲ್ ಬಾವ. ಮಿಸ್ಟರ್ ಬಂದರ್ ಬಾವ. ಮಿಸ್ಟರ್ ಮೋಣು. ಹದಿನಾರನೆಯದಾಗಿ ನನ್ನದು, ಮುಂದೆ ಮ್ಯಾನೇಜರ್ ಎಂದು. ಒಂದಕ್ಕೊಂದು ಹೋಲದ ಹದಿನಾರು ಹೆಸರು ಸಾಲಾಗಿ ನಿಂತದ್ದನ್ನು ನೋಡಿ ಎಷ್ಟು ಹೆಮ್ಮೆಯಾಯಿತೆಂದರೆ ಫ್ಯಾಕ್ಸ್ ಮಾಡುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಂಡೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಮುಹೈಸ್ನಾದಿಂದ ಬಸ್ಸು ಹೊರಟಿತು. ಮೋಣು ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿ, ಅತ್ತರು ಪೂಸಿಕೊಂಡು, ಡ್ರೈವರನ ಹಿಂದಿನ ಸೀಟಿನಲ್ಲೇ ಕೂತಿದ್ದ. ಮೊಣಕಾಲ ಮೇಲೆ ಅಣ್ಣನಿಗೆಂದು ಕಟ್ಟಿಸಿದ ಹಲ್ವದ ಪೊಟ್ಟಣ. ಡ್ರೈವರ್ ಖಾನ್ ಸಾಹೇಬರು ಪಠಾಣರು, ವಯಸ್ಸಾದವರು. "ರಸ್ತೆ ಗೊತ್ತಾ?" ಎಂದರೆ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅಬುಧಾಬಿಯ ಹತ್ತಿರದ ಬನಿಯಾಸಿನಲ್ಲಿ ಇಬ್ಬರು ಆಟಗಾರರನ್ನು ಹತ್ತಿಸಿಕೊಂಡೆವು. ಅವರನ್ನು ಹುಡುಕುವುದರಲ್ಲಿ ಮೂರು ಬೀದಿ ಸುತ್ತಿದ್ದಾಯಿತು. ಆಮೇಲೆ ಬಸ್ಸು ಹೆದ್ದಾರಿಗೆ ಬಿದ್ದು ಸೊಗಸಾಗಿ ಓಡತೊಡಗಿತು. ನಾನು ತೂಕಡಿಸಿದೆ.

ಎಚ್ಚರವಾದದ್ದು ಮೋಣು ಭುಜ ಅಲುಗಾಡಿಸಿದಾಗ. "ಸಾರ್, ಅಣ್ಣ ಫೋನಲ್ಲಿ ಹೇಳಿದ್ದ, ದಾರಿಯುದ್ದ ಬಲಗಡೆ ಸಮುದ್ರ ಅಂತ. ಇಲ್ಲಿ ಎಂತದ್ದೂ ಇಲ್ವಲ್ಲ."

ಹೊರಗೆ ನೋಡಿದೆ. ಎರಡೂ ಕಡೆ ಮರಗಳು, ಖರ್ಜೂರದ ತೋಟಗಳು, ಸಮುದ್ರದ ಸುಳಿವೇ ಇಲ್ಲ. "ಖಾನ್ ಸಾಬ್, ಯೇ ಕೌನ್ಸಾ ರಾಸ್ತಾ?" ಎಂದು ಅಶ್ರಫ್ ಎದ್ದು ನಿಂತ. ಖಾನ್ ಸಾಹೇಬರು ಶಾಂತವಾಗಿ "ಅಲ್ ಐನ್" ಎಂದರು. ಅದು ರುವೈಸಿಗೆ ತೀರಾ ಎದುರು ದಿಕ್ಕಿನ ಊರು. ಎಂಟು ವರ್ಷದಿಂದ ಬನಿಯಾಸಿನಲ್ಲಿ ಜನ ಹತ್ತಿಸಿಕೊಂಡು ಅವರು ಹೋಗುತ್ತಿದ್ದದ್ದು ಅಲ್ ಐನ್‌ಗೆ ಮಾತ್ರವಂತೆ. ಕೈ ತಾನಾಗಿ ತಿರುಗಿತು, ನನ್ನ ತಪ್ಪೇನು ಎಂದರು. ಹದಿನೈದು ಜನ ನಾಲ್ಕು ಭಾಷೆಯಲ್ಲಿ ಕೂಗಾಡಿದೆವು. ಮೋಣು ಮಾತ್ರ ಕೂಗಲಿಲ್ಲ. ಪೊಟ್ಟಣವನ್ನು ಎದೆಗೊತ್ತಿಕೊಂಡು, "ವಾಪಸ್ ತಿರುಗಿಸಿ ಖಾನ್ ಸಾಬ್, ಯಲ್ಲಾ, ಬೇಗ" ಎಂದು ಬೇಡಿಕೊಂಡ.

ತಿರುಗಿ ಬಂದು, ದಾರಿಯಲ್ಲಿ ತರೀಫಿನಲ್ಲಿ ಜುಮ್ಮಾ ನಮಾಜಿಗೆ ನಿಲ್ಲಿಸಿ, ಅಷ್ಟರಲ್ಲಿ ನಾನು ಮಸೀದಿಯ ಹೊರಗೆ ಹುಡುಗರ ಬೂಟು ಬ್ಯಾಗುಗಳನ್ನು ಕಾಯುತ್ತ ಕೂತು, ಊಟವನ್ನೂ ಮುಗಿಸಿ, ಅಂತೂ ರುವೈಸ್ ತಲುಪಿದಾಗ ನಾಲ್ಕಾಗುತ್ತ ಬಂದಿತ್ತು. ಪಂದ್ಯವೂ ನಾಲ್ಕಕ್ಕೇ. ಬಸ್ಸಿನಿಂದ ಇಳಿದರೆ ಸೆಪ್ಟೆಂಬರ್ ಕೊನೆಯ ಬಿಸಿಲು ಕೆನ್ನೆಗೆ ಬಾರಿಸಿತು.

ಗೇಟಿನಲ್ಲಿದ್ದವರು ಒಬ್ಬ ಮುದಿ ಬಲೂಚಿ ಕಾವಲುಗಾರರು. ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಕೈಯಲ್ಲಿ ನನ್ನ ಫ್ಯಾಕ್ಸ್. ಎಲ್ಲರ ಕಾರ್ಡು ಇಸಿದುಕೊಂಡು ಕೂಗಿದರು: "ಮಿಸ್ಟರ್ ಉಳ್ಳಾಲ್ ಬಾವ!"

ಮೂರು ಜನ ಮುಂದೆ ಬಂದರು. ಕಾವಲುಗಾರರು ಮೂರೂ ಕಾರ್ಡು ನೋಡಿದರು. ಮೂರರಲ್ಲೂ ಬಾವ ಇಲ್ಲ, ಉಳ್ಳಾಲವೂ ಇಲ್ಲ, ಇರುವವರೆಲ್ಲ ಮೊಹಮ್ಮದ್. ಫ್ಯಾಕ್ಸ್ ನೋಡಿದರು. ಅದರಲ್ಲಿ ಮೊಹಮ್ಮದ್ ಒಬ್ಬನೂ ಇಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಈ ಕಾಗದ ಬರೆದವನು ಯಾರು?" ಎಂದು ಹಿಂದಿಯಲ್ಲಿ ಕೇಳಿದರು. ಹದಿನೈದು ಬೆರಳು ನನ್ನ ಕಡೆ ತಿರುಗಿದವು.

ನನ್ನ ಘನಕಾರ್ಯದ ಪೂರ್ತಿ ಅರ್ಥ ನನಗೆ ಆದದ್ದು ಆಗಲೇ. ಆ ಮನುಷ್ಯ ಒಳ್ಳೆಯವರು. ಒಬ್ಬೊಬ್ಬನನ್ನೂ ಮುಂದೆ ನಿಲ್ಲಿಸಿಕೊಂಡು, ಕಾರ್ಡಿನ ಯಾವುದಾದರೂ ಒಂದು ಪದ ಪಟ್ಟಿಯ ಯಾವುದಾದರೂ ಪದಕ್ಕೆ, ಊರಿಗೆ, ಅಪ್ಪನ ಹೆಸರಿಗೆ ತಗಲುತ್ತದೆಯೇ ಎಂದು ಅರ್ಧ ಗಂಟೆ ಹುಡುಕಿದರು. ಹದಿನಾಲ್ಕು ಆಟಗಾರರು ಹೇಗೋ ದಾಟಿದರು. ನನ್ನ ಹೆಸರಿಗೆ ತೊಂದರೆಯೇ ಆಗಲಿಲ್ಲ. ಬೇರೆಯವರ ಹೆಸರಿನ ಕೈಕಾಲು ಕತ್ತರಿಸಿದ ಮಹಾಶಯ ತನ್ನದನ್ನು ಮಾತ್ರ ಊರು, ಅಪ್ಪ ಸಮೇತ ಕಾರ್ಡಿನಲ್ಲಿದ್ದಂತೆಯೇ ಹೊಡೆದುಕೊಂಡಿದ್ದ.

ಉಳಿದವನು ಮೋಣು. ಅವನ ಕಾರ್ಡಿನಲ್ಲಿದ್ದದ್ದು ಮೊಹಮ್ಮದ್ ಶರೀಫ್ ಅಬ್ದುಲ್ ಖಾದರ್.

"ಮೋಣು ಎಲ್ಲಿ?" ಎಂದರು ಕಾವಲುಗಾರರು.

"ಇವನೇ ಮೋಣು" ಎಂದೆವು ಎಲ್ಲರೂ.

"ಇವನು ಶರೀಫ್. ನನಗೆ ಮೋಣು ಬೇಕು."

ಗೇಟಿನಿಂದಲೇ ರುವೈಸ್ ತಂಡದ ಸೆಕ್ರೆಟರಿಗೆ ಫೋನು ಮಾಡಿಸಿದೆವು. ಪಾಸಿನ ಆಫೀಸಿಗೆ ಶುಕ್ರವಾರ ರಜೆ, ತಿದ್ದಲು ನನ್ನಿಂದಾಗದು, ಬೇಗ ಬನ್ನಿ, ಆಟ ತಡವಾಯಿತು ಎಂದ ಆತ. ಮೋಣು ಗೇಟಿನ ಕಂಬಿ ಹಿಡಿದು ಒಳಗಿನ ರಸ್ತೆಯನ್ನು ನೋಡುತ್ತ ನಿಂತಿದ್ದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪರ್ವಾಗಿಲ್ಲ ಸಾರ್, ನೀವೆಲ್ಲ ಹೋಗಿ" ಎಂದ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

"ಬಾಬಾ, ನನ್ನನ್ನು ಇಲ್ಲೇ ಇಟ್ಟುಕೊಳ್ಳಿ. ನನ್ನ ಬದಲು ಇವನನ್ನು ಬಿಡಿ" ಎಂದೆ ಕಾವಲುಗಾರರಿಗೆ. "ಹದಿನೈದು ತಲೆಗೆ ಪಾಸಾಗಿದೆ, ಹದಿನೈದು ತಲೆ ಹೋಗಲಿ."

ಅವರು ನನ್ನನ್ನು ನೋಡಿದರು, ಮೋಣುವನ್ನು ನೋಡಿದರು, ನನ್ನ ಕಾರ್ಡನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಆಮೇಲೆ ನಾನು ಹಾಕಿದ್ದ ಜರ್ಸಿಯ ಬೆನ್ನು ತೋರಿಸಿ, ಪಟ್ಟಿಯಲ್ಲಿ ಮ್ಯಾನೇಜರ್ ಎಂದಿದೆ, ಒಳಗೆ ಹೋಗುವವನು ಮ್ಯಾನೇಜರೇ ಆಗಿರಬೇಕು ಎಂದರು. ಕಾನೂನು ಎಂದರೆ ಕಾನೂನು. ನಾನು ಜರ್ಸಿ ಬಿಚ್ಚಿ ಕೊಟ್ಟೆ. ಮೋಣು ತನ್ನ ನೀಲಿ ಶರ್ಟು ಬಿಚ್ಚಿ ನನಗೆ ಕೊಟ್ಟ. ನನ್ನ ಜರ್ಸಿ ಅವನ ಹೊಕ್ಕುಳಿನ ತನಕ ಬಂತು, ಅವನ ಶರ್ಟಿನ ತೋಳು ನನ್ನ ಬೆರಳು ಮುಚ್ಚಿತು. ಹೀಗೆ ಮೈಸೂರು ಸುಬ್ಬರಾವ್ ಶ್ರೀನಿವಾಸಮೂರ್ತಿ ಎಂಬ ಹೆಸರಿನಲ್ಲಿ ಮೋಣು ಓಡುತ್ತ ಒಳಗೆ ಹೋದ. ಅಸಲಿ ಶ್ರೀನಿವಾಸಮೂರ್ತಿ ಅತ್ತರಿನ ವಾಸನೆ ಹೊಡೆಯುತ್ತ ಗೇಟಿನಲ್ಲಿ ಒತ್ತೆ ಬಿದ್ದ.

ಆದ್ದರಿಂದ ಆ ಪಂದ್ಯವನ್ನು ನಾನು ನೋಡಿಲ್ಲ. ಕೇಳಿದೆ, ಅಷ್ಟೇ. ಮೈದಾನ ಗೋಡೆಯ ಆಚೆಗೇ ಇತ್ತು. ಕಾವಲುಗಾರರು ಕುರ್ಚಿ ಕೊಟ್ಟು ಹಾಲಿಲ್ಲದ ಸುಲೈಮಾನಿ ಟೀ ಕೊಟ್ಟರು. ಆಗಾಗ ಹೋ ಎಂದು ಸದ್ದಾಗುತ್ತಿತ್ತು. ಅದು ನಮ್ಮವರದೋ ಅವರದೋ ತಿಳಿಯುತ್ತಿರಲಿಲ್ಲ. ಕಾವಲುಗಾರರು ಪ್ರತಿ ಸಲವೂ ಕೈಯೆತ್ತಿ "ಮಾಶಾಅಲ್ಲಾ" ಎನ್ನುತ್ತಿದ್ದರು. ಯಾವ ಪಕ್ಷ ಎಂದು ಕೇಳಿದೆ, ಗೊತ್ತಿಲ್ಲ ಎಂದರು.

ಐದೂವರೆಯ ಹೊತ್ತಿಗೆ ಶಿಫ್ಟಿನ ಬಸ್ಸು ಬಂದು ನಿಂತಿತು. ಇಳಿದವರಲ್ಲಿ ಒಬ್ಬರು ಬೂದು ಬಣ್ಣದ ಕವರಾಲಿನಲ್ಲೇ ನನ್ನ ಕಡೆ ಬಂದರು. ಬಿಳಿ ಗಡ್ಡ, ಬಾಗಿದ ಬೆನ್ನು. ಅರವತ್ತು ಇರಬಹುದು ಎಂದುಕೊಂಡೆ. "ದುಬೈ ಟೀಮ್ ಆಯಾ ಕ್ಯಾ?" ಎಂದ ಕೂಡಲೇ ಆ ಹಿಂದಿಯಲ್ಲಿ ಮಂಗಳೂರು ಕೇಳಿಸಿತು.

"ಬಂದಿದೆ. ನಿಮ್ಮ ಊರೆಲ್ಲಿ?" ಎಂದೆ ಕನ್ನಡದಲ್ಲಿ.

"ಬಂಟ್ವಾಳದ ಹತ್ರ." ಅವರ ಮುಖ ಅರಳಿತು. "ನಿಮ್ಮ ಟೀಮಲ್ಲಿ ಮೋಣು ಅಂತ ಒಬ್ಬ ಇದ್ದಾನಲ್ಲ, ಅವ ಬಂದಿದ್ದಾನಾ?"

ಹಮೀದ್! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಂಭ್ರಮದಲ್ಲಿ ಹೇಳಬಾರದ ಕ್ರಮದಲ್ಲಿ ಎಲ್ಲ ಹೇಳಿದೆ. "ಬಂದಿದ್ದಾನೆ, ಬಂದಿದ್ದಾನೆ. ಒಳಗಿದ್ದಾನೆ. ಆದ್ರೆ ಮೋಣು ಅಂತ ಯಾರನ್ನೂ ಕೇಳಬೇಡಿ, ಒಳಗೆ ಅವನು ಶ್ರೀನಿವಾಸಮೂರ್ತಿ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಮತ್ತೆ ನೀವು ಯಾರು?"

"ನಾನು ಶ್ರೀನಿವಾಸಮೂರ್ತಿ."

"ಅಲ್ಲಾ! ನನ್ನ ತಮ್ಮನಿಗೆ ಎಂತ ಆಗಿದೆ? ಸರಿಯಾಗಿ ಹೇಳಿ ಮಾರಾಯ್ರೆ!"

"ಏನೂ ಆಗಿಲ್ಲ ಕಣ್ರೀ. ಗೋಲಿನಲ್ಲಿ ನಿಂತಿದ್ದಾನೆ, ಬೆನ್ನ ಮೇಲೆ ಮ್ಯಾನೇಜರ್ ಅಂತ ಬರೆದಿದೆ. ಹೋಗಿ, ಹೋಗಿ, ಆಟ ಮುಗಿಯೋದ್ರೊಳಗೆ ಹೋಗಿ!"

ಅವರು ತಮ್ಮ ಪಾಸು ತೋರಿಸಿ, ಎರಡು ಸಲ ನನ್ನನ್ನು ತಿರುಗಿ ನೋಡುತ್ತ ಹೋದರು. ಹತ್ತು ನಿಮಿಷವಾಗಿರಬೇಕು. ಒಳಗಿಂದ ಯಾರೋ ಒಬ್ಬ ಅರಚಿದ. ಆಮೇಲೆ ಎಲ್ಲರೂ ಅರಚಿದರು. ಸೀಟಿ ಕೂಗಿತು, ನಿಂತಿತು, ಮತ್ತೆ ಕೂಗಿತು. ಆಮೇಲೆ ಏನೂ ಇಲ್ಲ. ಇಷ್ಟು ಜನ ಒಟ್ಟಿಗೆ ಸುಮ್ಮನಾದರೆ ಯಾರಿಗೋ ಕಾಲು ಮುರಿದಿದೆ ಎಂದೇ ಅರ್ಥ. ನಾನು ಗೇಟಿನ ಹತ್ತಿರ ಹೋದೆ. ಕಾವಲುಗಾರರು ಡ್ರಾಯರಿನ ಮೇಲೆ ಕೈ ಬಡಿದು, ಕೂತುಕೋ ಎಂದು ಸನ್ನೆ ಮಾಡಿದರು.

ಹುಡುಗರು ಹೊರಬಂದಾಗ ಸೂರ್ಯ ಮುಳುಗುತ್ತಿದ್ದ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

"ಎರಡು, ಎರಡು ಸಾರ್! ಡ್ರಾ! ನಮಗೊಂದು ಪಾಯಿಂಟು!" ಎಂದ ಅಶ್ರಫ್.

"ಎಂತ ಡ್ರಾ? ಮೂರು, ಎರಡು. ಸೋತದ್ದು" ಎಂದ ಉಳ್ಳಾಲ್ ಬಾವ.

"ರೆಫರಿಗೇ ಗೊತ್ತಿಲ್ಲ, ನಿನಗೆ ಎಂತ ಗೊತ್ತು?" ಎಂದ ಬಂದರ್ ಬಾವ.

ಎರಡೂ ತಂಡದ್ದು ಹಸಿರೇ ಜರ್ಸಿಯಾದ್ದರಿಂದ ಮೊದಲ ಗೋಲನ್ನು ನಮಗೆ ಹೊಡೆದುಕೊಟ್ಟವನು ಅವರ ಕಡೆಯವನೇ ಎಂಬ ಇನ್ನೊಂದು ತರ್ಕವೂ ನಡುವೆ ಹಾದುಹೋಯಿತು. ಅದನ್ನೆಲ್ಲ ಬಿಡಿಸಿ ನಾನು ತಿಳಿದುಕೊಂಡದ್ದು ಇಷ್ಟು. ಎರಡೆರಡು ಗೋಲು ಸಮ. ಆಟ ಮುಗಿಯಲು ಎರಡು ಮೂರು ನಿಮಿಷ. ಅವರ ಕಡೆಯವನೊಬ್ಬ ಮೈದಾನದ ಅರ್ಧದಿಂದ ಸುಮ್ಮನೆ ಒದ್ದ. ಬಾಲು ಮನೆಗೆ ಹೋಗುವ ಎಮ್ಮೆಯ ಹಾಗೆ ನಿಧಾನವಾಗಿ ಉರುಳುತ್ತ ಬಂತು. ಬಗ್ಗಿ ಎತ್ತಿಕೊಂಡರೆ ಆಗಿತ್ತು. ಬಗ್ಗಲು ಗೋಲಿನಲ್ಲಿ ಯಾರೂ ಇರಲಿಲ್ಲ. ಮೋಣು ಗೆರೆಯ ಆಚೆ, ಗೋಲುಕಂಬದ ಹಿಂದೆ, ಒಬ್ಬ ಮುದುಕನನ್ನು ತಬ್ಬಿಕೊಂಡು ನಿಂತಿದ್ದ.

ಹೊರಗಿನವರು ಮೈದಾನಕ್ಕೆ ಬಂದರೆ ಆಟ ನಿಲ್ಲಿಸಬೇಕು, ಅದು ಗೋಲೇ ಅಲ್ಲ ಎಂದು ಅಶ್ರಫ್ ಜಗಳಕ್ಕೆ ನಿಂತಿದ್ದ. ಮುದುಕ ಗೆರೆಯ ಆಚೆಗಿದ್ದ, ಗೋಲೇ ಎಂದು ಅವರು. ರೆಫರಿ ಅಲ್ಲಿನ ಶಾಲೆಯ ಒಬ್ಬ ಮಲಯಾಳಿ ಮೇಷ್ಟ್ರು, ಸಾಧು ಪ್ರಾಣಿ. ಆ ಇಬ್ಬರನ್ನು ನೋಡಿ ಅವರೇ ಕಣ್ಣೊರೆಸಿಕೊಂಡು, ನೀವು ನೀವೇ ತೀರ್ಮಾನಿಸಿಕೊಳ್ಳಿ ಎಂದು ಟೀ ಕುಡಿಯಲು ಹೋದರಂತೆ. ಅವರ ಸೆಕ್ರೆಟರಿಯೂ ದೊಡ್ಡ ಮನಸ್ಸಿನವ. ನಿಮ್ಮ ಮ್ಯಾನೇಜರಿಗೆ ಹೇಗೆ ನ್ಯಾಯ ಅನ್ನಿಸುತ್ತದೋ ಹಾಗೆ ಫಲಿತಾಂಶ ಬರೆದು ನಾಳೆ ಫ್ಯಾಕ್ಸ್ ಕಳಿಸಲಿ, ಒಪ್ಪಿಕೊಳ್ಳುತ್ತೇವೆ ಎಂದಿದ್ದ. ಏನನ್ನೂ ನೋಡದವನಿಗೆ ನ್ಯಾಯ ಒಪ್ಪಿಸಿದ್ದರು.

ಅಷ್ಟು ಸಿಟ್ಟಿದ್ದರೂ ಅಶ್ರಫ್ ಬಸ್ಸು ಹೊರಡಿಸಿ ಎನ್ನಲಿಲ್ಲ. ಅಣ್ಣತಮ್ಮ ಇನ್ನೂ ಗೋಲುಕಂಬದ ಬುಡದಲ್ಲಿ ಹಲ್ವ ಬಿಚ್ಚಿಕೊಂಡು ಕೂತಿದ್ದರು. ಖಾನ್ ಸಾಹೇಬರು ಎರಡು ಸಲ ಹಾರ್ನ್ ಹೊಡೆದಾಗ, "ರುಕೋ, ರುಕೋ" ಎಂದು ಅವನೇ ಗದರಿದ. ಸಂಜೆಯ ಮಗ್ರಿಬ್ ನಮಾಜಾದ ಮೇಲೆ ಇಬ್ಬರೂ ಗೇಟಿನ ತನಕ ಜೊತೆಯಾಗಿ ನಡೆದು ಬಂದರು. ಹಮೀದ್ ನನ್ನ ಕೈ ಹಿಡಿದುಕೊಂಡು, "ನೀವು ನಿಜವಾದ ಮೂರ್ತಿ ಅಲ್ವಾ?" ಎಂದು ಖಾತ್ರಿ ಮಾಡಿಕೊಂಡರು. ನನ್ನ ಕಾರ್ಡು, ಜರ್ಸಿ ಎರಡೂ ವಾಪಸ್ ಬಂದವು. ಬಸ್ಸು ತಿರುಗಿದಾಗ ಮೋಣು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ.

ಸ್ವಲ್ಪ ದೂರ ಹೋದ ಮೇಲೆ ಅಶ್ರಫನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಮೋಣುವಿನ ಪಕ್ಕ ಕೂತ.

"ಅಲ್ಲ ಮಾರಾಯ, ಅಣ್ಣ ಎಲ್ಲಿಗಾದ್ರೂ ಓಡಿ ಹೋಗ್ತಿದ್ನಾ? ಎರಡು ನಿಮಿಷ. ಆ ಬಾಲೊಂದು ಎತ್ತಿ ಬಿಸಾಡಿ ಹೋಗ್ಲಿಕ್ಕೆ ಆಗ್ತಿರ್ಲಿಲ್ವಾ? ನಮ್ಮ ಫಸ್ಟ್ ಪಾಯಿಂಟು!"

ಮೋಣು ತಲೆಯೆತ್ತಲಿಲ್ಲ. "ಅಣ್ಣ ಅಂತ ನಂಗೆ ಗೊತ್ತಾಗ್ಲಿಲ್ಲ ಅಶ್ರಫಾಕ" ಎಂದ. "ಅವ ಹೀಗೆ ಆಗಿದ್ದಾನೆ ಅಂತ ನಂಗೆ ಎಲ್ಲಿ ಗೊತ್ತು? ಬರೀ ನಲ್ವತ್ತೆರಡು ಅವನಿಗೆ. ಗಡ್ಡ ಎಲ್ಲ ಬೆಳ್ಳಗೆ. ಕಂಬ ಹಿಡ್ಕೊಂಡು ಸುಮ್ನೆ ನೋಡ್ತಾ ನಿಂತಿದ್ದ. ನಾನು ತಿರುಗಿ ನೋಡಿದ್ದು, ಉಪ್ಪ ಬಂದಿದ್ದಾರೆ ಅಂತ ಆಯ್ತು."

ಉಪ್ಪ ಎಂದರೆ ಅವರಪ್ಪ. ತೀರಿಕೊಂಡು ಎರಡು ವರ್ಷವಾಗಿತ್ತು. ಸುದ್ದಿ ಬಂದಾಗ ಅಣ್ಣನಿಗೂ ರಜೆ ಸಿಕ್ಕಿರಲಿಲ್ಲ, ತಮ್ಮನಿಗೂ ಸಿಕ್ಕಿರಲಿಲ್ಲ. ಮಣ್ಣು ಹಾಕಲು ಇಬ್ಬರೂ ಇರಲಿಲ್ಲ.

ಹೊರಗೆ ಕತ್ತಲಾಗಿತ್ತು. ಅಶ್ರಫ್ ಎದ್ದು, ಸೀಟುಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದು ಬಗ್ಗಿದ. ಬೆಳಗಿನಿಂದ ಕೂಗಿ ಅವನ ಗಂಟಲು ಒಡೆದಿತ್ತು.

"ಮೂರ್ತಿ ಸಾರ್, ಫ್ಯಾಕ್ಸಿನಲ್ಲಿ ಮೂರು, ಎರಡು ಅಂತ ಬರೀರಿ. ಬಂದವ ಹೊರಗಿನವ ಅಲ್ಲ, ಅದು ಗೋಲೇ."

ಶನಿವಾರ ಬೆಳಿಗ್ಗೆ ಆಫೀಸಿಗೆ ಹೋದವನು ಬೇರೆ ಕೆಲಸ ಮುಟ್ಟುವ ಮೊದಲು ಹಾಗೆಯೇ ಬರೆದು ಕಳಿಸಿದೆ.